ಮಗ್ಗದ ಸ್ಟೇಷನ್

ಈ ಕಥೆ ಹೇಳುವ ಅಧಿಕಾರ ನನಗಿಲ್ಲ. ಅದಕ್ಕೆ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಸರ್ಕಾರದಿಂದ ಲೈಸೆನ್ಸು ಪಡೆದು, ಮನೆಯಲ್ಲೇ ಯಂತ್ರ ಇಟ್ಟುಕೊಂಡು, ಬರೀ ಹವ್ಯಾಸಕ್ಕೆಂದು ಊರೂರಿನವರ ಜೊತೆ ರೇಡಿಯೊದಲ್ಲಿ ಮಾತಾಡುವವರಿಗೆ ಹ್ಯಾಮ್‌ಗಳು ಎನ್ನುತ್ತಾರೆ. ಬಾಗಲಕೋಟೆಯಲ್ಲಿ ಆ ಪರೀಕ್ಷೆಗೆ ಸಂಜೆ ಕ್ಲಾಸು ನಡೆದಾಗ ಹುಚ್ಚೇಶನ ಹಿಂದಿನ ಬೆಂಚಿನಲ್ಲಿ ಕೂತು ನಾಪಾಸಾದವನು ನಾನು. ಪಾಸಾದವರು ಬರೆಯಬೇಕಾದದ್ದನ್ನು ನಾಪಾಸಾದವನು ಬರೆಯುವುದು ಸರಿಯಲ್ಲ. ಆದರೆ ಅವರು ಯಾರೂ ಬರೆಯಲಿಲ್ಲ. ಯಂತ್ರದ ವಿಷಯದಲ್ಲಿ ತಪ್ಪುಗಳು ಕಂಡರೆ ಅವು ನನ್ನವು, ಹುಚ್ಚೇಶನವಲ್ಲ. ಹುಚ್ಚೇಶ ಮಾಡಿದ ತಪ್ಪು ಒಂದೇ ಒಂದು. ಅದನ್ನು ಅದರ ಜಾಗ ಬಂದಾಗ ಹೇಳುತ್ತೇನೆ.

ಹುಚ್ಚೇಶ ಇಳಕಲ್ಲಿನವನು, ಕೈಮಗ್ಗದ ನೇಕಾರ. ಓಣಿಯ ಮುಕ್ಕಾಲು ಮನೆಗಳಿಗೆ ಪವರ್‌ಲೂಮ್ ಬಂದು ಹಗಲೆಲ್ಲ ಗೋಡೆಗಳು ನಡುಗುತ್ತಿದ್ದರೂ ಅವನ ಪಡಸಾಲೆಯಲ್ಲಿ ಅಪ್ಪನ ಕಾಲದ ಕುಣಿಮಗ್ಗವೇ ಇತ್ತು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂಡಬೇಕು. ಕೆಳಗೆ ಎರಡು ಹಲಗೆ. ಎಡಹಲಗೆ ತುಳಿದರೆ ಹಾಸಿನ, ಅಂದರೆ ಉದ್ದಕ್ಕೆ ಹಾಸಿದ ನೂಲಿನ, ಅರ್ಧ ಎಳೆಗಳು ಮೇಲೇಳುತ್ತವೆ, ಲಾಳಿ ಓಡುತ್ತದೆ. ಬಲಹಲಗೆ ತುಳಿದರೆ ಉಳಿದರ್ಧ ಮೇಲೇಳುತ್ತವೆ, ಲಾಳಿ ಮರಳಿ ಬರುತ್ತದೆ. ಇಪ್ಪತ್ತೈದು ವರ್ಷದಿಂದ ಅವನ ಕಾಲುಗಳು ಅವನನ್ನು ಕೇಳದೆಯೇ ಈ ಕೆಲಸ ಮಾಡುತ್ತ ಬಂದಿದ್ದವು.

ರೇಡಿಯೊ ಪರೀಕ್ಷೆಯಲ್ಲಿ ಎರಡು ಸಲ ಬಿದ್ದು ಮೂರನೆಯ ಸಲ ಪಾಸಾದ. ಲೈಸೆನ್ಸು ಬಂತು, ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ. ಅದರ ಮೇಲೆ ಅವನ ಕರೆಸಂಕೇತ ಇತ್ತು. ರೇಡಿಯೊದ ಮಟ್ಟಿಗೆ ಮನುಷ್ಯನ ಹೆಸರು ಅದೇ. ಉಳಿದ ಹೊಸಬರ ಹಾಗೆಯೇ ಅವನದೂ ವಿಕ್ಟರ್-ಯೂನಿಫಾರ್ಮ್-ತ್ರೀ ಎಂದು ಶುರುವಾಗುತ್ತಿತ್ತು. ಆಮೇಲೆ ಅವನವೇ ಆದ ಮೂರು ಅಕ್ಷರ, ಕ್ಯೂ-ಝಡ್-ಎಚ್; ರೇಡಿಯೊದಲ್ಲಿ ಅವನ್ನು ಬಿಡಿಸಿ ಕ್ವಿಬೆಕ್-ಝುಲು-ಹೋಟೆಲ್ ಎನ್ನಬೇಕು. ಲಾಳಿಯ ಲಯಕ್ಕೆ ಹೊಂದಿಸಿಕೊಂಡು ಇದನ್ನೇ ದಿನಕ್ಕೆ ನೂರು ಸಲ ಗುನುಗುತ್ತ ನೇಯುತ್ತಿದ್ದ. ಹೀಗೆ ಎಂಟು ತಿಂಗಳು ಕಳೆದವು. ಆ ಎಂಟು ತಿಂಗಳಲ್ಲಿ ಅವನು ರೇಡಿಯೊದಲ್ಲಿ ಒಬ್ಬರ ಜೊತೆಗೂ ಮಾತಾಡಿರಲಿಲ್ಲ.

ಕಾರಣ ಅಂಜಿಕೆ. ಆ ಅಂಜಿಕೆಗೆ ಬೀಜ ಹಾಕಿದವರು ವೆಂಕಟೇಶ ಸರ್. ಟೆಲಿಫೋನ್ ಇಲಾಖೆಯಿಂದ ನಿವೃತ್ತರಾಗಿ ಬಾಗಲಕೋಟೆಯಲ್ಲಿ ಸಂಜೆ ಕ್ಲಾಸು ನಡೆಸುತ್ತಿದ್ದವರು. ಮೊದಲನೆಯ ದಿನವೇ ಅವರು ಹೇಳಿದ್ದರು:

"ಮೈಕ್ ಕೈಯಾಗ ಬಂತು ಅಂತ ಬಾಯಿ ತೆಗೀಬ್ಯಾಡ್ರಿ. ಮೊದಲು ಸುಮ್ಮ ಕೂತು ಕಿವಿಗೊಡ್ರಿ. ಜಾಗಾ ಖಾಲಿ ಅದನೋ ಇಲ್ಲೋ ಅಂತ ಮೂರು ಸಲ ವಿಚಾರಿಸ್ರಿ. ಕರೆಸಂಕೇತ ಹೇಳ್ರಿ. ಇಬ್ಬರು ಮಾತಾಡ್ಲಿಕತ್ತಾಗ ನಡುವ ಹೊಗಬ್ಯಾಡ್ರಿ. ರಾಜಕೀಯ ಬ್ಯಾಡ, ಧರ್ಮ ಬ್ಯಾಡ, ವ್ಯಾಪಾರ ಅಂತೂ ಬ್ಯಾಡೇ ಬ್ಯಾಡ."

ಹುಚ್ಚೇಶ ಎದ್ದು ನಿಂತು ಕೇಳಿದ: "ಸರ್, ಊಟ ಆತೇನ್ರಿ ಅಂತ ಕೇಳಬಹುದೇನ್ರಿ?"

ಸರ್ ಕನ್ನಡಕ ತೆಗೆದು ಒರೆಸಿದರು. "ಕೇಳಬಹುದು. ಆದ್ರ ಏನು ಅಡಿಗಿ ಅಂತ ಕೇಳಬ್ಯಾಡ್ರಿ. ನಮ್ಮ ಕಡೆ ಮಂದಿ ಅಲ್ಲಿಂದ ಹೊಳ್ಳಿ ಬರೂದಿಲ್ಲ."

ಹುಚ್ಚೇಶ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ: ಊಟ, ಹೌದು. ಅಡಿಗೆ, ಬೇಡ.

ಬೀಜ ಸರ್ ಹಾಕಿದರೆ ನೀರೆರೆದವರು ಬಾದಾಮಿಯ ಜಾನಕಿಬಾಯಿ. ಹೆಣ್ಣುಮಕ್ಕಳ ಸಾಲೆಯ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು. ದಿನಾ ಮುಂಜಾನೆ ಏಳೂವರೆಗೆ ಅವರು 'ಮಲಪ್ರಭಾ ನೆಟ್' ನಡೆಸುತ್ತಿದ್ದರು. ನೆಟ್ ಎಂದರೆ ಒಂದು ರೀತಿಯ ಹಾಜರಿ. ಅವರು ಒಬ್ಬೊಬ್ಬರನ್ನೇ ಕೂಗುತ್ತಾರೆ. ಕೂಗಿಸಿಕೊಂಡವರು ಕರೆಸಂಕೇತ ಹೇಳಿ, ತಮ್ಮೂರಿನ ಹವಾಮಾನ ಹೇಳಿ, ಸುಮ್ಮನಾಗಬೇಕು. ಹುನಗುಂದದ ರಾಜಕುಮಾರ ಎಂಬ ಟೈಪಿಸ್ಟ್ ಮಾತ್ರ ದಿನಾ ಸಿಕ್ಕಿಬೀಳುತ್ತಿದ್ದ. ಕೋರ್ಟಿನ ಮುಂದೆ ಕೂತು ಹಗಲೆಲ್ಲ ಬೇರೆಯವರ ಅರ್ಜಿ ಬಡಿಯುವವನಿಗೆ ತನ್ನ ಮಾತು ಆಡಲು ಸಿಗುತ್ತಿದ್ದದ್ದು ಮುಂಜಾನೆಯ ಆ ಅರ್ಧ ತಾಸು.

"ಹಲೋ ಹಲೋ, ಬಾಯಾರ, ನಮಸ್ಕಾರ್ರಿ, ನಾ ರಾಜಕುಮಾರ."

"ಇದು ಫೋನಲ್ಲ ರಾಜಕುಮಾರ. ಕರೆಸಂಕೇತ ಹೇಳಿ, ಒಂದು ಉಸುರು ಬಿಟ್ಟು, ಆಮ್ಯಾಲೆ ಮಾತಾಡ್ರಿ."

ರಾಜಕುಮಾರ ನಗುತ್ತ ಮತ್ತೆ ಶುರುಮಾಡುತ್ತಿದ್ದ. ಆದರೆ ಬಾದಾಮಿಯಿಂದ ಅರವತ್ತು ಕಿಲೋಮೀಟರ್ ದೂರದ ಇಳಕಲ್ಲಿನಲ್ಲಿ, ಆ ಬೈಗುಳ ತನಗೇ ಬಿದ್ದಂತೆ ಹುಚ್ಚೇಶ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ. ಇಷ್ಟು ದಿನ ಮಾತಾಡಿದವನಿಗೇ ಹೀಗಾದರೆ ಹೊಸಬನಿಗೆ ಏನು ಗತಿ ಎಂದು ಲೆಕ್ಕ ಹಾಕಿ, ನಾಳೆ ನೋಡೋಣ ಎಂದುಕೊಳ್ಳುತ್ತಿದ್ದ.

ಅವನ ತಾಯಿ ಲಕ್ಕವ್ವಳಿಗೆ ಇಂಥ ಅಂಜಿಕೆ ಏನೂ ಇರಲಿಲ್ಲ. ಮಗ್ಗದ ಪಕ್ಕದಲ್ಲಿ ಕೂತು ಲಾಳಿಗೆ ಬೇಕಾದ ನೂಲನ್ನು ಕಂಡಿಕೆಗೆ ಸುತ್ತುತ್ತ, ರೇಡಿಯೊ ಆಡಿದ್ದಕ್ಕೆಲ್ಲ ಉತ್ತರ ಕೊಡುತ್ತಿದ್ದಳು. ಜಾನಕಿಬಾಯಿ "ಬಾದಾಮಿಯೊಳಗ ಮೋಡ ಅದ" ಎಂದರೆ ಲಕ್ಕವ್ವ "ಇಲ್ಲೂ ಐತಿ ತಂಗಿ, ಬರೇ ಮಾರಿ ತೋರಿಸಿ ಹೊಕ್ಕಾವ" ಎನ್ನುವಳು.

"ಯವ್ವಾ, ನೀ ಆಡೂದು ಅವರಿಗೆ ಕೇಳಸೂದಿಲ್ಲ," ಎಂದು ಹುಚ್ಚೇಶ ಎಷ್ಟೋ ಸಲ ಹೇಳಿದ್ದ.

"ಕೇಳಸಲಿ, ಬಿಡಲಿ. ಮನ್ಯಾಗ ಬಂದು ಮಾತಾಡಿಸಿದವರಿಗೆ ಹೊಳ್ಳಿ ಮಾತಾಡದ ಕುಂತ್ರ ಏನು ಛಂದ? ನಿನ್ನಂಗ ಮೂಕಬಸವನಂಗ ಕುಂದರಾಕ ನನಗ ಬರಂಗಿಲ್ಲ."

ರೇಡಿಯೊಗೆ ಧೂಳು ಮತ್ತು ಮಂದಿಯ ದೃಷ್ಟಿ ತಾಗಬಾರದೆಂದು ಗುಳೇದಗುಡ್ಡದ ಖಣದ, ಅಂದರೆ ಕುಪ್ಪಸದ ಬಟ್ಟೆಯ, ತುಂಡೊಂದನ್ನು ಅದರ ಮೇಲೆ ಇಳಿಬಿಟ್ಟವಳೂ ಅವಳೇ. ಅದು ರೇಡಿಯೊದ ಮುಖವನ್ನೆಲ್ಲ ಮುಚ್ಚಿತ್ತು. ದನಿ ಕೇಳಲು ತೊಂದರೆ ಇರಲಿಲ್ಲವಾದ್ದರಿಂದ ಹುಚ್ಚೇಶನೂ ಸುಮ್ಮನಿದ್ದ.

ಮಾತಾಡಲು ಅಂಜುವವನು ಮಾತಾಡುವ ಸಿದ್ಧತೆಯನ್ನು ಮಾತ್ರ ಪೂರ್ತಿ ಮಾಡಿಟ್ಟಿದ್ದ. ಸಾಮಾನ್ಯವಾಗಿ ಮೈಕಿನ ಗುಂಡಿ ಒತ್ತಿದರೆ ನಮ್ಮ ಮಾತು ಹೋಗುತ್ತದೆ, ಬಿಟ್ಟರೆ ಎದುರಿನವರ ಮಾತು ಬರುತ್ತದೆ. ನೇಕಾರನ ಎರಡೂ ಕೈ ಕೆಲಸದಲ್ಲಿರುತ್ತವೆ. ಅದಕ್ಕೆ ಹುಚ್ಚೇಶ ಮೈಕನ್ನು ಮಗ್ಗದ ಮೇಲಿನ ತೊಲೆಗೆ ನೂಲಿನಿಂದ ತೂಗುಹಾಕಿ, ಆ ಗುಂಡಿಯ ಕೆಲಸಕ್ಕೆ ಒಂದು ಸ್ವಿಚ್ಚು ಮಾಡಿ, ಅದನ್ನು ಕುಣಿಯೊಳಗೆ ಎಡಹಲಗೆಯ ಕೆಳಗೆ ಕೂಡಿಸಿದ್ದ. ಹಲಗೆ ತುಳಿದರೆ ಮಾತು ಹೋಗಬೇಕು, ಬಿಟ್ಟರೆ ಬರಬೇಕು. ಸುಮ್ಮನೆ ನೇಯುವಾಗ ಮಾತು ಹೋಗಬಾರದೆಂದು ಅದಕ್ಕೊಂದು ಪ್ಲಗ್ ಇಟ್ಟಿದ್ದ; ಅದನ್ನು ರೇಡಿಯೊಗೆ ಸಿಕ್ಕಿಸಿದರೆ ಮಾತ್ರ ಸ್ವಿಚ್ಚು ಕೆಲಸ ಮಾಡುತ್ತಿತ್ತು. ಆ ಪ್ಲಗ್ ಎಂಟು ತಿಂಗಳಿಂದ ಗೋಡೆಯ ಮೊಳೆಗೆ ನೇತಾಡುತ್ತಿತ್ತು.

ಇನ್ನು ಅವನ ಹೆಂಡತಿ ಸುನಂದಾ. ಮಾಳಿಗೆಯ ಮೇಲೆ ಎರಡು ಬಿದಿರು ನೆಟ್ಟು ಹುಚ್ಚೇಶ ಅಂಟೆನಾದ ತಂತಿ ಎಳೆದಾಗ ಅವಳು ಏನೂ ಅಂದಿರಲಿಲ್ಲ. ಆದರೆ ಬಣ್ಣ ಹಾಕಿದ ನೂಲಿನ ಲಡಿಗಳನ್ನು ಒಣಗಿಸಲು ಅದೇ ಮಾಳಿಗೆ ಬೇಕಿತ್ತು. ಎಂಟು ತಿಂಗಳಿಂದ ಅವಳು ಹಸಿ ನೂಲು ಹೊತ್ತುಕೊಂಡು ಮೂರನೆಯ ಮನೆಯ ಇಂದ್ರಾಬಾಯಿಯ ಮಾಳಿಗೆ ಹತ್ತುತ್ತಿದ್ದಳು. ಒಂದು ಮಂಗಳವಾರ ಸಂಜೆ ಇಂದ್ರಾಬಾಯಿ ಏನೋ ಅಂದಿರಬೇಕು. ಸುನಂದಾ ಖಾಲಿ ಬುಟ್ಟಿ ಕೆಳಗಿಟ್ಟು ಗಂಡನ ಎದುರಿಗೆ ನಿಂತಳು.

"ಏನ್ರಿ, ಆ ತಂತಿಲೆ ಯಾರ ಜೋಡಿಯರ ಮಾತಾಡೀರೇನು?"

"ಇನ್ನೂ ಇಲ್ಲ."

"ಯಾಕಂತ?"

"ಮೊದಲು ಕೇಳಿಸ್ಕೋಬೇಕಂತ ಸರ್ ಹೇಳ್ಯಾರ."

"ಎಂಟು ತಿಂಗಳು ಕೇಳಿಸ್ಕೊಂಡ್ರಿ. ಹುಟ್ಟಿದ ಕೂಸು ಸುದ್ದಾ ಇಷ್ಟೊತ್ತಿಗೆ ಅಮ್ಮಾ ಅಂತೈತಿ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹುಚ್ಚೇಶನಿಗೆ ಹೆಚ್ಚು ಅಂಜಿಕೆ ತಂದದ್ದು. "ಬರೂ ಐತವಾರ ಎಂಟು ಗಂಟೆ ತನಕ ನೋಡ್ತೇನಿ. ಯಾರರ ಒಬ್ಬರು ನಿಮ್ಮ ಜೋಡಿ ಮಾತಾಡಿದ್ದು ನಾ ನನ್ನ ಕಿವಿಲೆ ಕೇಳಬೇಕು. ಇಲ್ಲಂದ್ರ ಆ ತಂತಿ ಮ್ಯಾಲೆ ನೂಲು ಹಾಕ್ತೇನಿ. ಬಾಂಬೂ ನೀವ ನೆಟ್ಟೀರಿ, ಛೊಲೋ ಆತು."

ಬುಧವಾರ ಮುಂಜಾನೆ ಹುಚ್ಚೇಶ ಸ್ನಾನ ಮಾಡಿ, ವಿಭೂತಿ ಹಚ್ಚಿ, ಮಗ್ಗಕ್ಕೆ ಇಳಿದ. ಮೊಳೆಯ ಮೇಲಿನ ಪ್ಲಗ್ ತೆಗೆದು ಸಿಕ್ಕಿಸಿದ. ನೆಟ್ ಶುರುವಾಯಿತು. ಹಾಜರಿ ಮುಗಿಯಿತು. ಆಮೇಲೆ ದಿನದಂತೆ ಜಾನಕಿಬಾಯಿ ಕೇಳಿದರು: "ಹೊಸಬರು ಯಾರಾದರೂ ಇದ್ದರ ಕರೆಸಂಕೇತ ಹೇಳ್ರಿ."

ಹುಚ್ಚೇಶನ ಎಡಗಾಲು ಹಲಗೆಯ ಮೇಲೆ ಒಂದು ಗೇಣು ಎತ್ತರದಲ್ಲಿ ನಿಂತಿತು. ಇದೇ ಹೊತ್ತಿಗೆ ಇನ್ನೊಬ್ಬ ಹೊಸಬ ಬಾಯಿ ತೆರೆದರೆ? ಇಬ್ಬರ ಮಾತು ಒಂದರ ಮೇಲೊಂದು ಬಿದ್ದರೆ? ಮರ್ಯಾದೆಗೆ ಒಂದು ಉಸಿರು ತಡೆದ. ಆ ಇನ್ನೊಬ್ಬನೂ ಮರ್ಯಾದಸ್ಥನಾಗಿದ್ದರೆ ಅವನೂ ಒಂದು ಉಸಿರು ತಡೆದಿರುತ್ತಾನೆ ಎಂದು ಇನ್ನೊಂದು ಉಸಿರು ತಡೆದ.

"ಯಾರೂ ಇಲ್ಲ," ಎಂದರು ಜಾನಕಿಬಾಯಿ.

ಹುಚ್ಚೇಶ ಹೆಗಲ ಮೇಲಿನ ಟಾವೆಲ್ಲಿನಿಂದ ಕುತ್ತಿಗೆಯ ಬೆವರು ಒರೆಸಿಕೊಂಡ. ಮಗ್ಗದ ಮೇಲೆ ಒಂದು ಸೀರೆ ಇತ್ತು. ಟೋಪುತೆನೆ ಎಂಬ ಕೆಂಪು-ಬಿಳಿ ವಿನ್ಯಾಸದ ಸೆರಗು ಸೋಮವಾರದೊಳಗೆ ಮುಗಿಯಬೇಕಿತ್ತು. ಇವತ್ತಂತೂ ಆಗಲಿಲ್ಲ, ನಾಳೆ ನೋಡೋಣ ಎಂದುಕೊಂಡು ಲಾಳಿ ಹಿಡಿದ. ಪ್ಲಗ್ ತೆಗೆಯಲಿಲ್ಲ.

ನಾನು ಹೇಳುತ್ತೇನೆಂದಿದ್ದ ತಪ್ಪು ಇದೇ.

ಆ ಕ್ಷಣದಿಂದ ಎಡಹಲಗೆ ಕೆಳಗಿಳಿದಾಗಲೆಲ್ಲ ಹುಚ್ಚೇಶನ ಪಡಸಾಲೆ ಬಾಗಲಕೋಟೆ, ಬಾದಾಮಿ, ಹುನಗುಂದಗಳಲ್ಲಿ ಕೇಳತೊಡಗಿತು. ಬಲಹಲಗೆ ಇಳಿದಾಗ ನಿಂತಿತು. ಮತ್ತೆ ಎಡ, ಮತ್ತೆ ಬಲ. ಮಾತು ಹೋಗುವಾಗ ರೇಡಿಯೊದ ಮೇಲೆ ಕೆಂಪು ದೀಪ ಹತ್ತುತ್ತದೆ. ಅದನ್ನು ಖಣ ಮುಚ್ಚಿತ್ತು. ತನ್ನ ಯಂತ್ರ ಕಳಿಸಿದ್ದು ತನಗೆ ಕೇಳುವುದಿಲ್ಲ. ಕಳಿಸುವಾಗ ಬೇರೆಯವರದೂ ಕೇಳುವುದಿಲ್ಲ. ಹೀಗಾಗಿ ಹುಚ್ಚೇಶನಿಗೆ ಕೇಳಿಸಿದ್ದು ಇಷ್ಟೇ: ಎಲ್ಲರ ಮಾತೂ ಕತ್ತರಿಯಿಂದ ಕತ್ತರಿಸಿದಂತೆ ತುಂಡು ತುಂಡಾಗಿ ಬರುತ್ತಿದೆ.

ಏನಾಯಿತೆಂದು ಅವನು ನೇಯುವುದು ನಿಲ್ಲಿಸಿ ಕಿವಿಗೊಟ್ಟ. ಮಾತು ಸ್ವಚ್ಛವಾಯಿತು.

"ಯಾರೋ ನಡುವ ಬರ್ಲಿಕತ್ತಾರ," ಎನ್ನುತ್ತಿದ್ದರು ಜಾನಕಿಬಾಯಿ. "ಟಕ್ ಧಡ್, ಟಕ್ ಧಡ್ ಅಂತದ. ಯಾರೂ ಅದಕ್ಕ ಉತ್ತರ ಕೊಡಬ್ಯಾಡ್ರಿ."

"ಯಾವುದೋ ಜನರೇಟರ್ ಇರಬೇಕು," ಎಂದರು ಬಾಗಲಕೋಟೆಯಿಂದ ವೆಂಕಟೇಶ ಸರ್, ಕರೆಸಂಕೇತ ಹೇಳಿ, ಒಂದು ಉಸಿರು ಬಿಟ್ಟು.

"ಬಾಯಾರ, ನನಗ ಕುದುರಿ ಓಡಿದಂಗ ಕೇಳಾಕತ್ತೈತ್ರಿ."

"ಕುದುರಿಗೆ ಕರೆಸಂಕೇತ ಇಲ್ಲ ರಾಜಕುಮಾರ. ನಿಮಗ ಅದ. ಹೇಳಲಿಲ್ಲ ನೀವು."

ಹುಚ್ಚೇಶನಿಗೆ ಮೈಯೆಲ್ಲ ಉರಿಯಿತು. ಎಂಟು ತಿಂಗಳು ಉಸಿರು ಬಿಗಿಹಿಡಿದು ತಾನು ಕಾಪಾಡಿಕೊಂಡು ಬಂದ ಮರ್ಯಾದೆಯನ್ನು ಯಾವನೋ ಒಬ್ಬ ಹೀಗೆ ತುಳಿಯುತ್ತಿದ್ದಾನಲ್ಲ ಎನಿಸಿತು. ಇಂಥ ಅಡ್ಡಿ ಬಂದಾಗ ಕೂಗಾಡದೆ ವೇಳೆ ಸಹಿತ ಬರೆದಿಡಬೇಕು ಎಂದು ಸರ್ ಕ್ಲಾಸಿನಲ್ಲಿ ಹೇಳಿದ್ದರು. ಹೊಸ ನೋಟ್‌ಬುಕ್ ತೆಗೆದು, ಮೊದಲ ಹಾಳೆಯ ಮೇಲೆ ಬರೆದ: ಬುಧವಾರ, 7.42. ಯಾರೋ ಅಡ್ಡಿ ಮಾಡುತ್ತಿದ್ದಾರೆ. ಮಾತು ಕ್ಷಣಕ್ಕೊಮ್ಮೆ ಕತ್ತರಿಸುತ್ತದೆ.

ಗುರುವಾರ ಇನ್ನೂ ಒಂದು ಹಾಳೆ ತುಂಬಿತು. ಊಟಕ್ಕೆ ಕೂತಾಗ ಅದನ್ನು ಸುನಂದಾಳಿಗೆ ಓದಿ ಹೇಳಿದ. "ಭಾಳ ಚಾಲಾಕಿ ಅದಾನ. ನಾ ನೇಯೂದು ಬಿಟ್ಟು ಕಿವಿಗೊಟ್ಟೆ ಅಂದ್ರ ಗಪ್ ಆಕ್ಕಾನ. ನಾ ಹೊಳ್ಳಿ ಕೆಲಸಕ್ಕ ಹತ್ತಿದ ಕೂಡಲೆ ಅವನೂ ಹತ್ತತಾನ."

"ನೀವು ನಿಂತಾಗ ನಿಂದರತಾನ?"

"ಹೂಂ."

"ನೀವು ಹತ್ತಿದಾಗ ಹತ್ತತಾನ?"

"ಹೂಂ."

"ಹಂಗಾರ ಅವನೂ ಯಾವನೋ ದುಡಿಯಾಂವನ ಇರಬೇಕು ಬಿಡ್ರಿ. ಇನ್ನೊಂದು ರೊಟ್ಟಿ ಹಾಕ್ಲೇನು?"

ಶುಕ್ರವಾರ ವೆಂಕಟೇಶ ಸರ್ ತಮ್ಮ ಜನರೇಟರ್ ಮಾತನ್ನು ಹಿಂದಕ್ಕೆ ತೆಗೆದುಕೊಂಡರು. ಟಕ್ ಧಡ್ ನಡುವೆ ಯಾರೋ ವಯಸ್ಸಾದ ಹೆಣ್ಣುಮಗಳ ದನಿ ಬರುತ್ತಿದೆ, ಜನರೇಟರ್‌ಗೆ ಅದು ಸಾಧ್ಯವಿಲ್ಲ ಎಂದರು. ರಾಜಕುಮಾರ ತನಗೆ 'ಮೆಂತೇಪಲ್ಲೆ' ಎಂಬ ಶಬ್ದ ಪೂರ್ತಿ ಕೇಳಿತೆಂದು ಪ್ರಮಾಣ ಮಾಡಿದ. ಶನಿವಾರ ಜಾನಕಿಬಾಯಿ ನೆಟ್ ನಡುವೆಯೇ ಐದು ನಿಮಿಷ ಎಲ್ಲರನ್ನೂ ಸುಮ್ಮನಿರಿಸಿ ಕೇಳಿಸಿಕೊಂಡು, ಆಮೇಲೆ ಹೇಳಿದರು:

"ನಾ ಗುಳೇದಗುಡ್ಡದ ಸಾಲಿಯೊಳಗ ಆರು ವರ್ಷ ಕಲಿಸೀನಿ. ಖಿಡಕಿ ತೆಗೆದರ ಇದ ಸಪ್ಪಳ ಬರ್ತಿತ್ತು. ಇದು ಜನರೇಟರೂ ಅಲ್ಲ, ಕುದುರಿನೂ ಅಲ್ಲ. ಕೈಮಗ್ಗ. ಎಲ್ಲೋ ಒಂದು ಮಗ್ಗದ ಸ್ಟೇಷನ್ ಅದ."

ಕೆಲಸ ನಿಲ್ಲಿಸಿ ಕೂತಿದ್ದ ಹುಚ್ಚೇಶನಿಗೆ ಇಷ್ಟೂ ಕೇಳಿತು. ಆದರೆ ಅವನಿಗೆ ಹೊಳೆದದ್ದು ಬೇರೆಯೇ. ತನ್ನ ಕಸುಬಿನ ಹೆಸರು ಕೆಡಿಸುವವನು ನೇಕಾರರಲ್ಲೇ ಒಬ್ಬ. ಅವತ್ತು ಮಧ್ಯಾಹ್ನ ಊಟ ಬಿಟ್ಟು ಓಣಿಯ ಕೈಮಗ್ಗದ ನಾಲ್ಕೂ ಮನೆಗಳಿಗೆ ಹೋಗಿಬಂದ. ಬಾಗಿಲಲ್ಲಿ ನಿಂತು, ಹೊಸ ಯಂತ್ರ ಗಿಂತ್ರ ಏನಾದರೂ ತಂದಿರೇನು ಎಂದು ಕೇಳಿದ. ಲಕ್ಷ್ಮಣ ಎಂಬ ಗೆಳೆಯ ಮಿಕ್ಸರ್ ತಂದಿರುವುದಾಗಿ ಒಪ್ಪಿಕೊಂಡ.

"ಮುಂಜಾನಿ ಏಳೂವರಿಗೆ ಹಚ್ಚತೀರೇನು?"

"ಚಟ್ನಿ ಯಾವಾಗ ಬೇಕೋ ಆವಾಗ ಹಚ್ಚತೇವಿ. ಯಾಕಲೇ, ನಿಮ್ಮನಿಗೆ ಬೇಕೇನು?"

ಹುಚ್ಚೇಶ ಅದನ್ನೂ ಬರೆದುಕೊಂಡ. ಅಂತೂ ಕಳ್ಳ ಸಿಗಲಿಲ್ಲ.

ಐತವಾರ ಬಂತು. ಏಳೂವರೆಗೆ ಐದು ನಿಮಿಷ ಇರುವಾಗಲೇ ಸುನಂದಾ ಮಣೆ, ಈಳಿಗೆ, ಒಂದು ಬುಟ್ಟಿ ಹೀರೇಕಾಯಿ ತಂದು ಮಗ್ಗದ ಎದುರಿಗೇ ಕೂತಳು. ಬಾಗಿಲ ಪಕ್ಕ ಹಸಿರು ಬಣ್ಣದ ಹಸಿ ನೂಲಿನ ಬುಟ್ಟಿ ಸಿದ್ಧವಾಗಿತ್ತು.

"ಎಂಟರ ತನಕ," ಎಂದಳು.

"ಹೂಂ."

"ಆಮ್ಯಾಲೆ ನಾ ಮ್ಯಾಲ ಹತ್ತಾಕಿ."

"ಹೂಂ ಅಂದೆ."

ಸೆರಗು ನಾಳೆಯೊಳಗೆ ಮುಗಿಯಬೇಕಿತ್ತು. ಅದಕ್ಕೆ ಹುಚ್ಚೇಶ ನೇಯುತ್ತಲೇ ಕೂತ. ಲಕ್ಕವ್ವ ಕಂಡಿಕೆ ಸುತ್ತುತ್ತಿದ್ದಳು. ಗಡಿಯಾರದಲ್ಲಿ ಏಳು ನಲವತ್ತೆಂಟಾದಾಗ ರೇಡಿಯೊದಲ್ಲಿ ತುಂಡು ತುಂಡಾಗಿ ಏನೋ ಗಂಭೀರವಾದ ಮಾತು ಶುರುವಾದಂತೆ ಅನಿಸಿ, ಅವನು ಕಾಲು ಎತ್ತಿ ಕಿವಿಗೊಟ್ಟ.

"ಮಗ್ಗದ ಸ್ಟೇಷನ್, ಮಗ್ಗದ ಸ್ಟೇಷನ್. ನಾ ಬಾದಾಮಿಯಿಂದ ಜಾನಕಿಬಾಯಿ. ನಾ ಬೈಯೂದಿಲ್ಲ. ನೀವು ಯಾರು ಅಂತ ಕರೆಸಂಕೇತ ಹೇಳ್ರಿ. ಎಲ್ಲಾರೂ ಸುಮ್ಮ ಇರ್ರಿ, ಅವರಿಗೆ ಜಾಗಾ ಬಿಡ್ರಿ."

ಮಗ್ಗದ ಸ್ಟೇಷನ್ ಈಗ ಏನು ಹೇಳುತ್ತದೆ ಎಂದು ಹುಚ್ಚೇಶನೂ ಕುತೂಹಲದಿಂದ ಕಾದ. ಯಾರೂ ಏನೂ ಹೇಳಲಿಲ್ಲ. ನಾಚಿಕೆಯಿಲ್ಲದವನು ಎಂದುಕೊಂಡು ಮತ್ತೆ ಎಡಹಲಗೆ ತುಳಿದ. ತುಳಿದದ್ದೇ ತಡ, ಸೆರಗಿನ ಕೆಂಪು ಹಾಸಿನಲ್ಲಿ ಒಂದು ಎಳೆ ಹರಿಯಿತು.

ಎಳೆ ಹರಿದರೆ ನೇಕಾರ ಹಲಗೆ ಬಿಡುವುದಿಲ್ಲ. ತುಳಿದೇ ಹಿಡಿದುಕೊಂಡು, ಎಳೆಗಳು ಬಾಯಿ ತೆರೆದಿರುವಾಗಲೇ ಮುಂದಕ್ಕೆ ಬಾಗಿ, ಹರಿದ ತುದಿ ಹುಡುಕಿ ಗಂಟು ಹಾಕುತ್ತಾನೆ. ಹುಚ್ಚೇಶ ಹಾಗೇ ಮಾಡಿದ. ರೇಡಿಯೊ ಸುಮ್ಮನಾಯಿತು, ಕೆಲಸದ ಗುಂಗಿನಲ್ಲಿ ಅವನಿಗೆ ಅದು ಗೊತ್ತೂ ಆಗಲಿಲ್ಲ. ಅವನ ತಲೆಯ ಮೇಲೆ ಮೈಕು ತೂಗುತ್ತಿತ್ತು. ಬಾದಾಮಿಯ ಹೆಣ್ಣುಮಗಳು ಅಷ್ಟು ಕಳಕಳಿಯಿಂದ ಕೇಳಿದ ಮೇಲೆ ಸುಮ್ಮನಿರುವುದು ಸರಿಯಲ್ಲವೆಂದು ಲಕ್ಕವ್ವ ಎಂದಿನಂತೆ ಉತ್ತರ ಕೊಟ್ಟಳು.

"ಇದ ಮಗ್ಗದ ಮನಿ ನೋಡ ತಂಗಿ. ನಾ ಲಕ್ಕವ್ವ, ಇಳಕಲ್ಲ. ನನ್ನ ಮಗ ಅದಾನ, ಹುಚ್ಚ್ಯಾ. ಎಂಟು ತಿಂಗಳಾತು ನಿಮ್ಮನ್ನೆಲ್ಲಾ ಕೇಳಿಸ್ಕೋತ ಕುಂತಾನ, ಒಂದು ಮಾತಾಡವಲ್ಲ. ನೀ ಬೈತೀಯಂತ ಅಂಜತಾನ. ಸಾಲಿಯಾಗೂ ಹಿಂಗ ಇದ್ದ, ಉತ್ತರ ಬರತಿತ್ತು, ಕೈ ಎತ್ತತಿದ್ದಿಲ್ಲ. ಅವನ ಹೆಂಡತಿ ಇವತ್ತು ಎಂಟು ಗಂಟೇಕ ತಂತಿ ಮ್ಯಾಲೆ ನೂಲು ಹಾಕತೇನಿ ಅಂತ ಕುಂತಾಳ. ಏನು ಕೇಳಿದಿ, ಹೆಸರೇನು ಅದು? ನನಗೂ ಬಾಯಿಪಾಠ ಆಗೇತಿ. ವಿಕ್ಟರ್, ಯೂನಿಫಾರ್ಮ್, ತ್ರೀ..."

ಗಂಟು ಬಿತ್ತು. ಹುಚ್ಚೇಶ ಕಾಲು ಎತ್ತಿದ. ಉಳಿದ ಮೂರು ಅಕ್ಷರ ಪಡಸಾಲೆಯಲ್ಲೇ ಉಳಿದವು.

ರೇಡಿಯೊದಲ್ಲಿ ಜಾನಕಿಬಾಯಿ ಮಾತಾಡಿದರು. ಅವರ ದನಿ ಸಾಲೆಯ ದನಿಯಾಗಿರಲಿಲ್ಲ.

"ಲಕ್ಕವ್ವಾರ, ನಿಮ್ಮ ಮಾತು ಬಾದಾಮಿ ತನಕ ಗಂಟಿ ಬಾರಿಸಿಧಾಂಗ ಕೇಳ್ತು. ಆದ್ರ ಲೈಸೆನ್ಸ್ ಇಲ್ಲದವರು ಹಿಂಗ ಮಾತಾಡಲಿಕ್ಕೆ ಬರೂದಿಲ್ಲ.‌ ನಿಮ್ಮ ಮಗ ಅಲ್ಲೇ ಇದ್ದರ ಅವರು ಮಾತಾಡಲಿ. ತ್ರೀ ಆದ ಮ್ಯಾಲಿನ ಮೂರು ಅಕ್ಷರ ಅವರ ಹೇಳಬೇಕು."

ಹುಚ್ಚೇಶ ರೇಡಿಯೊ ನೋಡಿದ. ತಾಯಿಯನ್ನು ನೋಡಿದ. ಕುಣಿಯೊಳಗೆ ತನ್ನ ಎಡಗಾಲು ನೋಡಿದ. ಕೊನೆಗೆ ಮೊಳೆಯನ್ನು ನೋಡಿದ. ಮೊಳೆಯ ಮೇಲೆ ಏನೂ ಇರಲಿಲ್ಲ.

"ನೋಡಿದೇನು?" ಎಂದಳು ಲಕ್ಕವ್ವ. "ಕೇಳಸೂದಿಲ್ಲ ಅಂತಿದ್ದಿ."

ಅವನ ಕೈ ತಾನಾಗಿಯೇ ಪ್ಲಗ್ ಕಡೆ ಹೋಯಿತು. ಎಳೆದುಬಿಟ್ಟರೆ ಮುಗಿಯಿತು. ವಿಕ್ಟರ್-ಯೂನಿಫಾರ್ಮ್-ತ್ರೀ ಎಂದು ಶುರುವಾಗುವವರು ದೇಶದಲ್ಲಿ ಸಾವಿರಾರು ಮಂದಿ. ಲಕ್ಕವ್ವ ಎಂಬ ಹೆಸರಿನವರು ಇಳಕಲ್ಲಿನಲ್ಲಿ ಓಣಿಗೆ ನಾಲ್ಕು ಮಂದಿ. ಹುಚ್ಚ್ಯಾ ಎಂಬುವರು ಇನ್ನೂ ಹೆಚ್ಚು. ಎಳೆಯದೆ ಮಾತಾಡಿದರೆ, ಐದು ದಿನ ನೆಟ್ ಕೆಡಿಸಿದವನು ತಾನೇ ಎಂದು ತನ್ನ ಬಾಯಿಂದಲೇ, ಎಲ್ಲರ ಎದುರಿಗೆ, ಒಪ್ಪಿಕೊಂಡಂತೆ.

"ಅತ್ತಿ ಮಾತಾಡಿದ್ದು ಲೆಕ್ಕಕ್ಕಿಲ್ಲ," ಎಂದಳು ಸುನಂದಾ, ಹೀರೇಕಾಯಿಯಿಂದ ಕಣ್ಣೆತ್ತದೆ. "ನೀವು ಮಾತಾಡಬೇಕು. ಎಂಟಕ್ಕ ಇನ್ನೂ ಒಂಬತ್ತು ಮಿನಿಟ ಐತಿ."

"ಮಾತಾಡಿದ್ರ ಲೈಸೆನ್ಸ ಹೊಕ್ಕೈತೇನೋ."

"ಮಾತಾಡದಿದ್ರ ತಂತಿ ಹೊಕ್ಕೈತಿ. ತಂತಿ ಇಲ್ಲದ ಲೈಸೆನ್ಸ ತೊಗೊಂಡು ಏನ್ಮಾಡ್ತೀರಿ? ಗ್ವಾಡಿಗೆ ತೂಗುಹಾಕ್ತೀರಿ?"

ಅದು ಆಗಲೇ ಗೋಡೆಗೆ ತೂಗುತ್ತಿತ್ತು. ಹುಚ್ಚೇಶ ಅದರ ಕಡೆ ಒಮ್ಮೆ ನೋಡಿ, ಕೈ ಹಿಂದಕ್ಕೆ ತೆಗೆದ. ಪ್ಲಗ್ ಅಲ್ಲೇ ಇತ್ತು. ಎದ್ದು ಖಣದ ತುಂಡನ್ನು ರೇಡಿಯೊದ ಮೇಲೆ ಮಡಚಿ ಹಾಕಿದ. ಮತ್ತೆ ಕುಣಿಗೆ ಇಳಿದು, ಗಂಟಲು ಸರಿಮಾಡಿಕೊಂಡು, ಎಡಹಲಗೆಯನ್ನು ಬೇಕೆಂದೇ ತುಳಿದ. ಕೆಂಪು ದೀಪ ಹತ್ತಿದ್ದನ್ನು ಎಂಟು ತಿಂಗಳಲ್ಲಿ ಮೊದಲ ಸಲ ಕಂಡ.

"ಈ ಜಾಗಾ ಖಾಲಿ ಐತೇನ್ರಿ?"

ಕಾಲು ತೆಗೆದ. ಇಡೀ ನೆಟ್ ಅವನಿಗಾಗಿಯೇ ಕಾಯುತ್ತಿತ್ತು.

"ಈ ಜಾಗಾ ಖಾಲಿ ಐತೇನ್ರಿ?"

"ಖಾಲಿ ಐತಿ ಬರ್ರಿ ಯಪ್ಪಾ," ಎಂದ ರಾಜಕುಮಾರ.

"ಅವರು ಮೂರು ಸಲ ಕೇಳಲಿ ರಾಜಕುಮಾರ," ಎಂದರು ಜಾನಕಿಬಾಯಿ. "ನೀವು ಒಮ್ಮೆಯೂ ಕೇಳಿಲ್ಲ."

ಹುಚ್ಚೇಶ ಮೂರನೆಯ ಸಲವೂ ಕೇಳಿದ. ಆಮೇಲೆ ಕರೆಸಂಕೇತ ಹೇಳಿದ, ಪೂರ್ತಿ, ಕ್ವಿಬೆಕ್-ಝುಲು-ಹೋಟೆಲ್ ತನಕ. ಒಂದು ಉಸಿರು ಬಿಟ್ಟ. ಆಮೇಲೆ ನೋಟ್‌ಬುಕ್ ತೆಗೆದು ಬುಧವಾರ 7.42ರಿಂದ ಹಿಡಿದು ಓದತೊಡಗಿದ. ಕಳ್ಳ ಯಾವಾಗ ಶುರುಮಾಡಿದ, ಯಾವಾಗ ನಿಲ್ಲಿಸಿದ, ಎಷ್ಟು ಚಾಲಾಕಿ, ಒಂದೂ ಬಿಡಲಿಲ್ಲ. ಲಕ್ಷ್ಮಣನ ಮಿಕ್ಸರ್ ಬಂದಾಗ ಅಷ್ಟು ಬಿಟ್ಟು ಓದಿದ, ಅವನದೇನೂ ತಪ್ಪಿಲ್ಲವೆಂದು. ಕೊನೆಯ ಸಾಲು ಅಲ್ಲೇ ಬರೆದು ಓದಿದ: "ಐತವಾರ, 7.51. ಕಳ್ಳ ಸಿಕ್ಕ. ನಾನ. ತಪ್ಪಾತ್ರಿ. ನನ್ನ ಲೈಸೆನ್ಸ್ ಹೊಕ್ಕೈತೇನ್ರಿ ಬಾಯಾರ?"

"ಅದು ದಿಲ್ಲಿಯವರ ಕೆಲಸ. ನಂದು ಹಾಜರಿ ಕೆಲಸ," ಎಂದರು ಜಾನಕಿಬಾಯಿ. "ಹಾಜರಿ ಹಾಕ್ಕೊಂಡೆ. ಇನ್ನ ಮ್ಯಾಲೆ ಪ್ಲಗ್ ತೆಗೆದು ನೇಯ್ರಿ. ದೀಪದ ಮ್ಯಾಲೆ ಏನಾದರೂ ಮುಚ್ಚಿದ್ದರ ತೆಗೀರಿ. ನಿಮ್ಮ ದನಿ ಐದು-ನಾಕು ಬರ್ಲಿಕತ್ತದ, ಸ್ಪಷ್ಟಕ್ಕ ಐದು, ಜೋರಿಗೆ ನಾಕು, ಸ್ವಲ್ಪ ಗಟ್ಟಿ ಮಾತಾಡ್ರಿ. ನಿಮ್ಮ ತಾಯಿಯವರದು ಐದು-ಒಂಬತ್ತು. ಅದಕ್ಕಿಂತ ಮ್ಯಾಲೆ ಇಲ್ಲ."

"ನನಗ ಪೂರಾ ಕೊಟ್ಟಾಳ," ಎಂದಳು ಲಕ್ಕವ್ವ ಸೊಸೆಯ ಕಡೆ ತಿರುಗಿ.

ಇನ್ನು ಮುಗಿಸಬೇಕು. ಮಾತು ಚಿಕ್ಕದಾಗಿರಬೇಕೆಂಬ ನಿಯಮ ಹುಚ್ಚೇಶನಿಗೆ ನೆನಪಿತ್ತು. ಆದರೆ ಜೀವನದ ಮೊದಲ ಸಂಪರ್ಕವನ್ನು ತಪ್ಪೊಪ್ಪಿಗೆಯ ಮೇಲೆ ಮುಗಿಸುವುದು ಚೆಂದ ಕಾಣಲಿಲ್ಲ. ಕ್ಲಾಸಿನ ಹಳೆಯ ನೋಟ್‌ಬುಕ್ಕಿನಲ್ಲಿ ಸರ್ ಒಪ್ಪಿಗೆ ಕೊಟ್ಟ ಒಂದು ಪ್ರಶ್ನೆ ಇತ್ತು. ಹಲಗೆ ತುಳಿದು ಗಟ್ಟಿಯಾಗಿ ಕೇಳಿದ: "ನಾಷ್ಟಾ ಆತೇನ್ರಿ ಬಾಯಾರ?"

"ಆತು," ಎಂದರು ಜಾನಕಿಬಾಯಿ. "ಉಪ್ಪಿಟ್ಟು. ಬಟಾಣಿ ಹಾಕಿದ್ದೆ."

ಹುಚ್ಚೇಶ ಏನು ಅಡಿಗೆ ಎಂದು ಕೇಳಿರಲಿಲ್ಲ. ಅದಕ್ಕೆ ನೆಟ್‌ನವರೆಲ್ಲ ಸಾಕ್ಷಿ. ಆದರೂ ರಾಜಕುಮಾರ ಹುನಗುಂದದಲ್ಲಿ ಮಂಡಕ್ಕಿಯ ಸೂಸ್ಲಾ ಆಗಿದೆ ಎಂದು ತಿಳಿಸಿದ, ಕರೆಸಂಕೇತ ಹೇಳಿ. ಶಿವಯೋಗ ಮಂದಿರದ ಹತ್ತಿರದಿಂದ ಯಾರೋ ಅವಲಕ್ಕಿ ಎಂದರು. ಆಮೇಲೆ ಸೂಸ್ಲಾಕ್ಕೆ ಪುಠಾಣಿ, ಅಂದರೆ ಹುರಿಗಡಲೆ, ಹಿಟ್ಟು ಎಷ್ಟು ಹಾಕಬೇಕೆಂಬ ಮಾತು ಬಂತು. ನಡುವೆ ವೆಂಕಟೇಶ ಸರ್ "ನಾ ಹೇಳಿದ್ದೆ, ನಾ ಮೊದಲ ಹೇಳಿದ್ದೆ" ಎನ್ನುವುದು ಕೇಳಿತು. ಅವರು ಕರೆಸಂಕೇತ ಹೇಳಲಿಲ್ಲ. ಯಾರೂ ತಿದ್ದಲಿಲ್ಲ. ಎಂಟಕ್ಕೆ ಮುಗಿಯಬೇಕಾದ ನೆಟ್ ಅವತ್ತು ಎಂಟು ಹದಿನಾರಕ್ಕೆ ಮುಗಿಯಿತು.

ಸುನಂದಾ ಈಳಿಗೆ ಮಡಚಿ ಎದ್ದಳು. ಹಸಿ ನೂಲಿನ ಬುಟ್ಟಿ ಎತ್ತಿಕೊಂಡು ಮಾಳಿಗೆಯ ಮೆಟ್ಟಿಲು ಹತ್ತತೊಡಗಿದಳು. ಹುಚ್ಚೇಶ ಮಗ್ಗದಿಂದಲೇ ಕೂಗಿದ.

"ಕೇಳಿದೆಲ್ಲ? ಒಂಬತ್ತು ಮಂದಿ ಜೋಡಿ ಮಾತಾಡೀನಿ."

"ಕೇಳೇನಿ. ತಂತಿ ಇರಲಿ," ಎಂದಳು ಅವಳು ನಡುಮೆಟ್ಟಿಲಿನಿಂದ. "ಅದರ ಕೆಳಗ ಒಂದು ಹಗ್ಗ ಕಟ್ಟತೇನಿ. ಬಾಂಬೂಕ್ಕ ಏನು, ಎರಡೂ ಹೊರತಾವ."

ಹಸಿ ನೂಲು ಅಷ್ಟು ಹತ್ತಿರ ಇದ್ದರೆ ಅಂಟೆನಾದ ಲೆಕ್ಕ ತಪ್ಪೀತೇ ಎಂಬ ಪ್ರಶ್ನೆ ಹುಚ್ಚೇಶನ ಬಾಯಿ ತನಕ ಬಂತು. ಬೇರೆಯವರು ಮಾತಾಡುವಾಗ ನಡುವೆ ಹೋಗಬಾರದೆಂಬುದು ನೆನಪಾಗಿ ನುಂಗಿಕೊಂಡ. ಆಮೇಲೆ ಪ್ಲಗ್ ತೆಗೆದು ಮೊಳೆಗೆ ಹಾಕಿದ. ಹಾಕಿದ್ದೇನೋ ಇಲ್ಲವೋ ಎಂದು ಮೂರು ಸಲ ತಿರುಗಿ ನೋಡಿದ.

ಹನ್ನೆರಡು ದಿನದ ಮೇಲೆ ಅಂಚೆಯಲ್ಲಿ ಒಂದು ಕಾರ್ಡು ಬಂತು. ಇಬ್ಬರು ಹ್ಯಾಮ್‌ಗಳು ಮೊದಲ ಸಲ ಮಾತಾಡಿದ್ದಕ್ಕೆ ಗುರುತಾಗಿ ಒಬ್ಬರಿಗೊಬ್ಬರು ಇಂಥ ಕಾರ್ಡು ಕಳಿಸುವುದು ವಾಡಿಕೆ. ಒಂದು ಬದಿಗೆ ಬಾದಾಮಿಯ ಅಗಸ್ತ್ಯತೀರ್ಥದ ಚಿತ್ರ, ಇನ್ನೊಂದು ಬದಿಗೆ ಜಾನಕಿಬಾಯಿಯವರ ದುಂಡನೆಯ ಅಕ್ಷರ. ಹುಚ್ಚೇಶನ ಕರೆಸಂಕೇತ ಸರಿಯಾಗಿತ್ತು. ವರದಿಯ ಜಾಗದಲ್ಲಿ 'ಮಗ್ಗ ಚೆನ್ನಾಗಿ ಕೇಳಿತು' ಎಂದಿತ್ತು. ಮೊದಲ ಸಂಪರ್ಕದ ದಿನ ಮತ್ತು ವೇಳೆಯ ಜಾಗದಲ್ಲಿ ಮಾತ್ರ ಐತವಾರ 7.51 ಇರಲಿಲ್ಲ. ಬುಧವಾರ 7.42 ಎಂದಿತ್ತು.

ಹುಚ್ಚೇಶ ಈ ಕಾರ್ಡನ್ನು ನನಗೆ ತೋರಿಸಿದ. ಇಬ್ಬರೂ ಬಹಳ ಹೊತ್ತು ನೋಡಿದೆವು. ಆ ಐತವಾರ ಅವನು ನೋಟ್‌ಬುಕ್ಕಿನಿಂದ ಓದಿದ ವೇಳೆಯನ್ನೇ ಅವರು ಬರೆದುಕೊಂಡಿರಬಹುದು. ಅಥವಾ ಲೈಸೆನ್ಸು ಇರುವ ನೇಕಾರ ಇವನೊಬ್ಬನೇ ಎಂದು ವೆಂಕಟೇಶ ಸರ್ ಕೊಟ್ಟ ಪಾಸಾದವರ ಪಟ್ಟಿಯಿಂದ ಗೊತ್ತಿದ್ದು, ಮಗ್ಗದ ಸಪ್ಪಳ ಕೇಳಿದ ಮೊದಲ ದಿನವೇ ಬರೆದಿಟ್ಟು, ನಾಲ್ಕು ದಿನ ಅವನಾಗಿಯೇ ಬಾಯಿ ತೆರೆಯಲಿ ಎಂದು ಕಾದಿರಬಹುದು. ಕೇಳಿಬಿಡು ಎಂದೆ. ನೆಟ್‌ನಲ್ಲಿ ಕೇಳುವ ಪ್ರಶ್ನೆಯಲ್ಲ ಅದು ಎಂದ. ಬಾದಾಮಿಗೆ ಹೋಗಿ ಕೇಳಲು ಇಬ್ಬರಿಗೂ ಧೈರ್ಯವಾಗಲಿಲ್ಲ. ಅವರಿಗೆ ಮೊದಲೇ ಗೊತ್ತಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.